ನೋಡುವವರು ಕೇಳುವವರಾಗಲು ನಾವು ಪಟ್ಟ ಪಾಡು

ನನ್ನ ಮೊಮ್ಮಗಳ ಎಂಟು ಹಾಡು ರೆಕಾರ್ಡ್ ಆಗುತ್ತವೆ! ಇವತ್ತು ಬೆಳಿಗ್ಗೆ ಯಶವಂತಪುರದ ಹಾಡಿನ ಕಂಪನಿಯವರು ತಾವಾಗಿಯೇ ಫೋನ್ ಮಾಡಿ ಹೇಳಿದರು. ಒಳ್ಳೆಯ ಸ್ಟುಡಿಯೋದಲ್ಲಿ, ಪಿಟೀಲು, ಕೊಳಲು ಎಲ್ಲವನ್ನೂ ನಿಜವಾದ ಮನುಷ್ಯರೇ ಕೂತು ನುಡಿಸುತ್ತಾರಂತೆ. ನಾನು ಆಗ ಹಲ್ಲುಜ್ಜುತ್ತಿದ್ದೆ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅಟ್ಟೂರಿನ ನಮ್ಮ ಬೀದಿಗೆ ಓಡಿಬಂದು ಎದುರು ಮನೆಯವರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಪಾರ್ಸೆಲ್ ಹಿಡಿದು ವಿಳಾಸ ಹುಡುಕುತ್ತಿದ್ದ ಒಬ್ಬ ಅಪರಿಚಿತನಿಗೂ ಹೇಳಿದೆ. ಆತ, "ಭಾರಿ ಖುಷಿ ತಾತ, ಹದಿನೇಳನೇ ನಂಬರ್ ಮನೆ ಯಾವ್ದು?" ಎಂದ. ಅದು ನಮ್ಮ ಮನೆಯೇ. ಸಂತೋಷದಲ್ಲಿ ನನಗೆ ನಂಬರೇ ಮರೆತುಹೋಗಿ, ಮುಂದಿನ ಬೀದಿಗೆ ಕೈತೋರಿಸಿ ಕಳಿಸಿಬಿಟ್ಟೆ.

ಇದನ್ನು ಬರೆದಿಡಬೇಕೆಂದು ಮಧ್ಯಾಹ್ನದಿಂದ ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಆದರೆ ಸಂತೋಷವನ್ನಷ್ಟೇ ಬರೆದರೆ ಅರ್ಧ ಬರೆದ ಹಾಗೆ. ಕಳೆದ ಒಂದು ವರ್ಷ ನಾವು ತಲೆ ಚಚ್ಚಿಕೊಂಡದ್ದು ಅಷ್ಟಿಷ್ಟಲ್ಲ. ನಮಗೆ ಬಂದ ಕಷ್ಟ ಯಾರಿಗೆ ಹೇಳಿದರೂ ನಗುವಂಥದ್ದು. ಜನ ನಮ್ಮ ಹಾಡನ್ನು ನೋಡುತ್ತಿದ್ದರು. ಕೇಳುತ್ತಿರಲಿಲ್ಲ.

ಮೊಮ್ಮಗಳು ತಾನೇ ಹಾಡು ಕಟ್ಟುತ್ತಾಳೆ, ತಾನೇ ರಾಗ ಹಾಕುತ್ತಾಳೆ, ತಾನೇ ಹಾಡುತ್ತಾಳೆ. ಸಿನಿಮಾದವರ ಹಂಗಿಲ್ಲ. ಅವಳ ಜೊತೆ ಢೋಲಕ್ ನುಡಿಸುವವನು ಆರ್.ಟಿ. ನಗರದವನು. ಮನೆಯಲ್ಲಿ ಉರ್ದು, ನಮ್ಮ ಜೊತೆ ಜೋರು ಕನ್ನಡ. ಕಂಪ್ಯೂಟರಿನ ಕೆಲಸವೆಲ್ಲ ಅವನದೇ. ಮೂರನೆಯವನು ನಾನು. ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಬದುಕಿದವನು. ಮದುವೆ, ನಾಮಕರಣ, ತಿಥಿ, ಎಲೆಕ್ಷನ್ ಯಾವುದಕ್ಕೂ ಇಲ್ಲವೆಂದವನಲ್ಲ. ಈಗ ಅಂಗಡಿ ಮುಚ್ಚಿದೆ. ಹಾರ್ನ್ ಸ್ಪೀಕರುಗಳು, ಆಂಪ್ಲಿಫೈಯರುಗಳು ಹಿತ್ತಲಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತಿವೆ.

ಮೊದಲನೇ ವಿಡಿಯೋ ಮಾಡಿದ್ದು ನಮ್ಮ ತಾರಸಿಯಲ್ಲಿ. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡ ಬಸ್ಸಿನೊಳಗೆ ಕೂತ ಒಬ್ಬಳ ಹಾಡು ಅದು. ಪಕ್ಕದಲ್ಲಿ ಕೆರೆ, ಕೆರೆಯ ಮೇಲೆ ಹಕ್ಕಿಗಳು ಹೋಗುತ್ತವೆ, ಬರುತ್ತವೆ. ಬಸ್ಸು ಮಾತ್ರ ನಿಂತಲ್ಲೇ. ಹಿಂದೆ ಅಂದಕ್ಕಿರಲೆಂದು ಮೊಮ್ಮಗಳು ನನ್ನದೊಂದು ಹಾರ್ನನ್ನು ನೀರಿನ ಟ್ಯಾಂಕಿಗೆ ಕಟ್ಟಿದ್ದಳು. ತಲೆಕೆಳಗಾಗಿ ಕಟ್ಟಿದ್ದಳು. ನೋಡಿಕೊಂಡು ಸುಮ್ಮನಿರಲು ನನಗಾಗುತ್ತದೆಯೇ? ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಾರೆಂಬ ಪರಿವೆಯೇ ಇಲ್ಲದೆ ಮಧ್ಯೆ ನುಗ್ಗಿದೆ. ಹಾರ್ನ್ ಬಿಚ್ಚಿ ಸರಿಯಾಗಿ ಕಟ್ಟಿದೆ, ಅವಳ ಮೈಕನ್ನು ಕಿತ್ತುಕೊಂಡು "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದೆ. ಹೋಗುವ ಮುಂಚೆ, "ಬಾಯಿ ಅಷ್ಟು ಅಂಟಿಸ್ಬೇಡ ಕಣವ್ವ, ಮೈಕಿಗೆ ಎಂಜಲು ಹಾರುತ್ತೆ" ಎಂದು ಗದರಿಸಿಯೂ ಹೋದೆ.

ಅದನ್ನು ಕತ್ತರಿಸದೆ ಹಾಗೆಯೇ ಹಾಕಿದರು. ಊರೆಲ್ಲ ನೋಡಿತು. ನಾನು 'ಮೈಕ್ ತಾತ' ಆಗಿಬಿಟ್ಟೆ.

ವಿಡಿಯೋ ಓಡಿದ್ದನ್ನು ಕಂಡೇ ಯಶವಂತಪುರದ ಕಂಪನಿಯವರು ಕರೆಸಿದ್ದು. ಚಿಕ್ಕ ಕಂಪನಿ. ಹೊಸಬರ ಹಾಡುಗಳನ್ನು ಹಾಡಿನ ಆ್ಯಪುಗಳಿಗೆ ಏರಿಸುವುದು ಅವರ ಕೆಲಸ. ಅದರ ಯಜಮಾನರು ಖಂಡತುಂಡವಾಗಿ ಮಾತಾಡುವವರು.

"ವಿಡಿಯೋ ಎಷ್ಟು ಜನ ನೋಡಿದ್ರು ಅನ್ನೋದು ನಂಗೆ ಬೇಡಮ್ಮ. ನೋಡೋರು ಇವತ್ತು ನಿಮ್ಮ ತಾತನ್ನ ನೋಡ್ತಾರೆ, ನಾಳೆ ಇನ್ಯಾರದೋ ಬೆಕ್ಕು ನೋಡ್ತಾರೆ. ಹಾಡಿನ ಆ್ಯಪಿಗೆ ಬಂದು ಎಷ್ಟು ಜನ ಕೇಳ್ತಾರೆ? ಕೇಳಿದೋರು ಮತ್ತೆ ಬರ್ತಾರಾ? ಅದು ತೋರ್ಸಿ. ಎಂಟು ಹಾಡು ನಾನೇ ರೆಕಾರ್ಡ್ ಮಾಡಿಸ್ತೀನಿ."

ನನ್ನನ್ನು ಬೆಕ್ಕಿನ ಸಾಲಿಗೆ ಸೇರಿಸಿದ್ದು ನನಗೆ ಹಿಡಿಸಲಿಲ್ಲ. ಆದರೆ ಮಾತು ಸರಿಯಿತ್ತು.

ಮನೆಯಲ್ಲಿ ನನ್ನ ಮಗ, ಎಂದರೆ ಅವಳ ಅಪ್ಪ, ಇನ್ನೊಂದು ಗಡುವು ಹಾಕಿದ. ಯಲಹಂಕ ನ್ಯೂ ಟೌನಿನಲ್ಲಿ ಹಾರ್ಡ್‌ವೇರ್ ಅಂಗಡಿ ಅವನದು. ಮೊಳೆಯನ್ನೂ ತೂಗಿಯೇ ಮಾರುವವನು. "ಯುಗಾದಿವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಿ.ಎಡ್ ಸೇರ್ಕೋ. ಹಾಡು ಎಲ್ಲೂ ಓಡೋಗಲ್ಲ" ಎಂದ.

"ಓಡೋಗುತ್ತೆ ಅಪ್ಪ" ಎಂದಳು ಮೊಮ್ಮಗಳು. ಅಷ್ಟೇ ಹೇಳಿ ಎದ್ದು ಹೋದಳು.

ಅಲ್ಲಿಂದ ನಮ್ಮ ದುಡಿಮೆ ಶುರುವಾಯಿತು. ಏನು ಮಹಾ ಕೆಲಸ ಎಂದುಕೊಂಡಿದ್ದೆ. ಢೋಲಕ್ಕಿನವನು ಕಂಪ್ಯೂಟರಿನಲ್ಲಿ ಸಿದ್ಧಮಾಡಿದ ಬಸ್ಸಿನ ಹಾಡನ್ನು ಕಂಪನಿಯವರು ಆ್ಯಪುಗಳಿಗೆ ಏರಿಸಿದ್ದರು. ವಿಡಿಯೋದ ಕೆಳಗೆ ಅದರ ಲಿಂಕ್ ಇದೆ, ಒತ್ತಿದರೆ ಆಯಿತು. ನೋಡುವವರಲ್ಲಿ ನೂರಕ್ಕೊಬ್ಬರು ಒತ್ತಿದರೂ ಸಾಕು ಎಂದು ಢೋಲಕ್ಕಿನವನು ಲೆಕ್ಕ ಹೇಳಿದ್ದ. ಒಬ್ಬರೂ ಒತ್ತಲಿಲ್ಲ. ಮೊಮ್ಮಗಳ ಗೆಳತಿಯರು ಒತ್ತಿದ್ದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಆ ಕಡೆ ಸಂತೆ, ಈ ಕಡೆ ಬಿಕೋ. ದಿನಾ ಸಂಜೆ ಎರಡನ್ನೂ ಅಕ್ಕಪಕ್ಕ ತೆಗೆದು ನೋಡುವುದು, ಮೂವರೂ ಮುಖ ಸಪ್ಪಗೆ ಮಾಡಿಕೊಳ್ಳುವುದು. ನನ್ನ ಹೆಂಡತಿ ಕಾಫಿ ತಂದಿಟ್ಟು, "ಯಾರಾದ್ರೂ ಓಗ್ಬಿಟ್ರಾ?" ಎಂದು ಕೇಳುತ್ತಿದ್ದಳು.

ಲಿಂಕ್ ಎಲ್ಲಿದೆಯೆಂದೇ ಜನರಿಗೆ ತಿಳಿದಿಲ್ಲವೇನೋ ಎಂದು ಎರಡನೇ ವಿಡಿಯೋದಲ್ಲಿ ನಾನೇ ಕೂಗಿ ಹೇಳಿದೆ. ಮೈಕ್‌ಸೆಟ್ಟಿನವನ ದನಿಯಲ್ಲಿ, ಕಳೆದುಹೋದ ಮಗುವನ್ನು ಕರೆದ ಹಾಗೆ: "ಮಹಾಜನಗಳಲ್ಲಿ ವಿನಂತಿ. ಕೆಳಗಡೆ ಲಿಂಕ್ ಇದೆ. ದಯವಿಟ್ಟು ಎಲ್ಲಿದ್ದರೂ ಬಂದು ಅದನ್ನು ಒತ್ತಬೇಕಾಗಿ ಕೋರಿಕೆ." ಜನ ಬಿದ್ದು ಬಿದ್ದು ನಕ್ಕರು. ಅಷ್ಟನ್ನೇ ಕತ್ತರಿಸಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಯಾರದೋ ಮದುವೆಯಲ್ಲಿ ಊಟಕ್ಕೆ ಕರೆಯಲು ಅದನ್ನೇ ಹಾಕಿದರಂತೆ. ಲಿಂಕ್ ಒತ್ತಿದವರು ಇಲ್ಲ.

ಆಮೇಲೆ ನಾನೇ ಪಕ್ಕದಲ್ಲಿ ನಿಂತು ಜನರಿಂದ ಅವರವರ ಫೋನಿನಲ್ಲೇ ಒತ್ತಿಸಿ ನೋಡಿದೆ. ಬಸ್ ಸ್ಟಾಪಿನಲ್ಲಿ ಹೂ ಮಾರುವ ಹೂವಮ್ಮ ನಮ್ಮ ವಿಡಿಯೋಗಳನ್ನೆಲ್ಲ ನೋಡಿದವರು. ಅವರು ಲಿಂಕ್ ಒತ್ತಿದರು. ಇನ್ನೊಂದು ಪುಟ ತೆರೆಯಿತು. ಆ್ಯಪ್ ಇಳಿಸಿಕೊಳ್ಳಿ ಎಂದಿತು. ಇಳಿಸಿದರು. ಈಮೇಲ್ ಕೇಳಿತು. ಪಾಸ್‌ವರ್ಡ್ ಕೇಳಿತು. ಹುಟ್ಟಿದ ದಿನ ಕೇಳಿತು.

"ಒಂದು ಹಾಡಿಗೆ ನನ್ನ ಹುಟ್ಟಿದ್ ದಿನ ಯಾಕಂತೆ?" ಎಂದು ಫೋನನ್ನು ಹೂವಿನ ಬುಟ್ಟಿಯ ಪಕ್ಕಕ್ಕಿಟ್ಟರು. "ಅಲ್ಲಾ ಯಜಮಾನ್ರೇ, ನಿಮ್ಮ ಮೊಮ್ಮಗಳ ಹಾಡು ನಾನ್ ನೋಡಿದ್ದೀನಲ್ಲ. ನೋಡಿದ್ ಹಾಡನ್ನ ಮತ್ತೆ ಕೇಳೋದೇನು?"

ಮನೆಗೆ ಬಂದು ಇದನ್ನು ಆ ಇಬ್ಬರಿಗೂ ಹೇಳಿದೆ. ಢೋಲಕ್ಕಿನವನು ಲಿಂಕನ್ನು ಸಲೀಸು ಮಾಡಿದ. ಒತ್ತಿದರೆ ಒಂದೇ ಪುಟ, ಅದರಲ್ಲಿ ಎಲ್ಲ ಹಾಡಿನ ಆ್ಯಪುಗಳ ಗುರುತುಗಳು. ಯಾರ ಫೋನಿನಲ್ಲಿ ಯಾವುದು ಮೊದಲೇ ಇದೆಯೋ ಅದನ್ನು ಒತ್ತಿದರೆ ನೇರವಾಗಿ ಹಾಡು. ಅದರಿಂದ ನಾಲ್ಕು ಜನ ಹೆಚ್ಚಾದರು. ನಾಲ್ಕೇ ಜನ. ಅವರೂ ಒಂದು ಸಲ ಕೇಳಿ ಹೋದವರು ತಿರುಗಿ ಬರಲಿಲ್ಲ.

ಗಣೇಶನ ಹಬ್ಬ ಕಳೆಯಿತು, ದೀಪಾವಳಿ ಕಳೆಯಿತು. ನಮ್ಮ ವಿಡಿಯೋಗಳು ಓಡುತ್ತಲೇ ಇದ್ದವು, ಹಾಡು ಕೂತಲ್ಲೇ ಕೂತಿತ್ತು. ಹೀಗಿರುವಾಗ ಢೋಲಕ್ಕಿನವನು ಒಂದು ಮಾತು ಹೇಳಿದ: "ಜಾಸ್ತಿ ಓಡೋ ಹಾಡನ್ನ ಆ್ಯಪೇ ಮುಂದಕ್ಕೆ ತಳ್ಳುತ್ತೆ ತಾತ. ಗೊತ್ತಿಲ್ದೇ ಇರೋರಿಗೂ ತೋರಿಸುತ್ತೆ. ಮೊದಲು ಓಡ್ಬೇಕು, ಅಷ್ಟೆ."

ಇದು ನನ್ನ ತಲೆಯಲ್ಲಿ ಬೇರೆ ಥರ ಕೂತುಬಿಟ್ಟಿತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಶಾಮಿಯಾನ ಎದ್ದ ಕೂಡಲೇ ಮೈಕ್‌ಸೆಟ್ಟಿನವನು ಹಾಡು ಹಾಕಬೇಕು. ನೆಂಟರು ಬರುವುದು ಸಂಜೆಗಾದರೂ ಖಾಲಿ ಕುರ್ಚಿಗಳ ಮುಂದೆ ಬೆಳಗಿನಿಂದಲೇ ಹಾಡು. ಯಾರೂ ಇಲ್ಲವಲ್ಲ, ಯಾರಿಗೆ ಹಾಕುತ್ತೀಯ ಎಂದು ಒಬ್ಬರೂ ಕೇಳುವುದಿಲ್ಲ. ಹಾಡು ಕೇಳಿಸಿದರೆ ತಾನೇ ಇಲ್ಲೊಂದು ಶುಭಕಾರ್ಯ ಇದೆಯೆಂದು ಊರಿಗೆ ತಿಳಿಯುವುದು? ಹಾಡು ಮೊದಲು, ಜನ ಆಮೇಲೆ. ಇಷ್ಟು ಸುಲಭದ ಮಾತು ಇವರಿಬ್ಬರಿಗೆ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನೆಂಟರಿಷ್ಟರ ಮನೆಗಳಿಂದ ಹಳೇ ಫೋನುಗಳನ್ನು ಕೇಳಿ ತಂದೆ. ಗಾಜು ಒಡೆದವು, ಬೆನ್ನು ಬಿಟ್ಟವು, ರಬ್ಬರ್ ಬ್ಯಾಂಡ್ ಹಾಕಿದವು. "ಯಾಕ್ ದೊಡ್ಡಪ್ಪ, ಗುಜರಿ ವ್ಯಾಪಾರ ಶುರು ಮಾಡಿದ್ಯಾ?" ಎಂದವರಿಗೆ ನಕ್ಕು ಸುಮ್ಮನಾದೆ. ಶೆಡ್ಡಿನಲ್ಲಿ ಆಂಪ್ಲಿಫೈಯರುಗಳ ಮೇಲೆ ಅವನ್ನು ಸಾಲಾಗಿ ಮಲಗಿಸಿ, ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಮನೆಯ ವೈಫೈ ಕೊಟ್ಟು, ಪ್ರತಿಯೊಂದರಲ್ಲೂ ಆ್ಯಪ್ ತೆಗೆದು, ಹಾಡು ಮುಗಿದರೆ ಮತ್ತೆ ಅದೇ ಬರುವ ಹಾಗೆ ಮಾಡಿದೆ. ಇದನ್ನೆಲ್ಲ ಕಲಿತದ್ದು ಢೋಲಕ್ಕಿನವನ ಕೈ ನೋಡಿಯೇ. ದನಿ ತಗ್ಗಿಸಿ ಬಾಗಿಲು ಹಾಕಿದೆ.

ಆ ವಾರ ಮೊಮ್ಮಗಳು ನೆಲದ ಮೇಲೆ ನಡೆಯಲೇ ಇಲ್ಲ. "ತಾತ, ಏರ್ತಾ ಇದೆ! ಏರ್ತಾನೇ ಇದೆ!" ಎಂದು ನನ್ನ ಎರಡೂ ಕೈ ಹಿಡಿದು ಹಾಲಿನಲ್ಲಿ ಸುತ್ತಿದಳು. ನಾನೂ ಸುತ್ತಿದೆ. ಜನ ಬರಲು ಶುರುವಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ.

ಜನ ಬರಲಿಲ್ಲ. ಬಂದದ್ದು ಮೊಮ್ಮಗಳಿಗೆ ಕಂಪನಿಯ ಯಜಮಾನರ ಫೋನು. ಕೇಳಿದ್ದೆಲ್ಲ ಅಟ್ಟೂರಿನ ಒಂದೇ ಮನೆಯ ಇಂಟರ್ನೆಟ್ಟಿನಿಂದಂತೆ, ಹಗಲೂ ರಾತ್ರಿ ಬಿಡುವಿಲ್ಲದೆ ಅಂತೆ. ಆ್ಯಪಿನವರು ಇದು ಕಳ್ಳ ಲೆಕ್ಕವೆಂದು ಹಾಡನ್ನೇ ಕಿತ್ತುಹಾಕಿದ್ದರು. "ನನ್ನ ಕಂಪನಿ ಹೆಸರು ಕೆಡ್ಸಬೇಕು ಅಂತ ಇದ್ರೆ ಮೊದಲೇ ಹೇಳ್ಬಿಡಿ" ಎಂದರಂತೆ.

ಒಂದೇ ಮನೆ ಎಂದ ಕೂಡಲೇ ಅವಳಿಗೆ ಹೊಳೆದಿರಬೇಕು. ನೇರವಾಗಿ ಶೆಡ್ಡಿಗೆ ನಡೆದಳು. ಹಿಂದೆಯೇ ನಾನು. ಬಾಗಿಲು ತೆಗೆದರೆ ಕತ್ತಲಲ್ಲಿ ಸಣ್ಣ ದನಿಯಲ್ಲಿ ಅವಳದೇ ಹಾಡು, ಒಂದೊಂದು ಫೋನು ಒಂದೊಂದು ಸಾಲಿನಲ್ಲಿ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಒಂದೊಂದನ್ನೇ ಎತ್ತಿ ಬಂದ್ ಮಾಡಿದಳು. ಕೊನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ತಾತ, ಇವಕ್ಕೆ ಕಿವಿ ಇದ್ಯಾ?" ಎಂದಳು.

ನಾನು ಪದ್ಧತಿಯ ಮಾತು ತೆಗೆದೆ. ಶಾಮಿಯಾನ, ಖಾಲಿ ಕುರ್ಚಿ, ಎಲ್ಲ ಹೇಳಿದೆ.

"ಶಾಮಿಯಾನದಲ್ಲಿ ಮದ್ವೆ ಇರುತ್ತೆ ತಾತ. ಜನ ಮದ್ವೆಗೆ ಬರ್ತಾರೆ, ಹಾಡಿಗಲ್ಲ. ನಮ್ಮ ವಿಡಿಯೋದಲ್ಲೂ ಅಷ್ಟೇ. ಎಲ್ರೂ ನಿನ್ನ ನೋಡೋಕೆ ಬರ್ತಾರೆ. ನನ್ನ ಹಾಡು ಹಿಂದ್ಗಡೆ ಎಲ್ಲೋ ಬರ್ತಾ ಇರುತ್ತೆ." ಕೈಯಲ್ಲಿದ್ದ ಫೋನನ್ನು ಆಂಪ್ಲಿಫೈಯರಿನ ಮೇಲಿಟ್ಟಳು. "ನಿನ್ನ ಮೇಲೆ ಕೋಪ ಇಲ್ಲ. ಹೋಗು, ಊಟ ಮಾಡು."

ಕೋಪ ಮಾಡಿಕೊಂಡಿದ್ದರೇ ಚೆನ್ನಾಗಿತ್ತು. ಆ ಮಾತು ಕೇಳಿದ ಮೇಲೆ ನಾನು ತಾರಸಿ ಹತ್ತಲಿಲ್ಲ. ಹಾಡು ಆ್ಯಪಿಗೆ ವಾಪಸ್ ಬರಲು ವಾರಗಳೇ ಹಿಡಿದವು. ಕಂಪನಿಯವರಿಗೆ ಮೊಮ್ಮಗಳೇ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ ಬಂದಳು. ಅವರು ಮೊದಲು ರೇಗಿ, ಆಮೇಲೆ ಫೋನುಗಳ ಸಾಲನ್ನು ನೆನೆದು ಜೋರಾಗಿ ನಕ್ಕರಂತೆ. ನಕ್ಕರೂ ಷರತ್ತು ಸಡಿಲಿಸಲಿಲ್ಲ.

ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಢೋಲಕ್ಕಿನವನು ಮನೆಗೆ ಬಂದ. ಬಂದವನು ಗೇಟಿನಲ್ಲೇ ಬೈಕ್ ನಿಲ್ಲಿಸಿ, "ಹತ್ತಿ ತಾತ, ಫೋನ್‌ಗಳಿಗೆ ಕೇಳ್ಸಿದ್ದು ಸಾಕು. ಮನುಷ್ಯರ ಹತ್ರ ಹೋಗೋಣ" ಎಂದ.

"ನಾನ್ ಬರಾಕಿಲ್ಲ. ನನ್ ಕಂಡ್ರೆ ಜನ ಹಾಡು ಬಿಟ್ಟು ನನ್ನೇ ನೋಡ್ತಾರೆ."

"ನೋಡ್ಲಿ ಬಿಡಿ. ನೋಡೋಕೆ ಹತ್ರ ಬಂದ್ರೆ ನಾನು ಹಿಡ್ಕೊಂಡು ಕೇಳ್ತೀನಿ, ಯಾಕ್ ಗುರು ಹಾಡು ಕೇಳಲ್ಲ ಅಂತ."

ಹಾಡು ಹೆಬ್ಬಾಳದ್ದು, ಹಾಗಾಗಿ ಹೆಬ್ಬಾಳಕ್ಕೇ ಹೋದೆವು. ಫ್ಲೈಓವರಿನ ಕೆಳಗೆ ಟೀ ಅಂಗಡಿಯ ಹತ್ತಿರ ಏರ್‌ಪೋರ್ಟ್ ಕಡೆಯ ಕ್ಯಾಬ್ ಡ್ರೈವರುಗಳು ಡ್ಯೂಟಿ ಬೀಳಲೆಂದು ಕಾಯುತ್ತಾ ನಿಂತಿರುತ್ತಾರೆ. ನಾನು ಬೈಕಿನಿಂದ ಇಳಿಯುತ್ತಿದ್ದಂತೆಯೇ, "ಲೋ, ಮೈಕ್ ತಾತ ಕಣ್ರೋ!" ಎಂದು ಸುತ್ತಿಕೊಂಡರು. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ, ಇನ್ನೊಂದು ಸೆಲ್ಫಿ. "ಒಂದ್ಸಲ ಮಹಾಜನಗಳಲ್ಲಿ ವಿನಂತಿ ಅನ್ನಿ ತಾತ!" ಅಂದೆ. ಚಪ್ಪಾಳೆ. ಆ್ಯಪಿನಲ್ಲಿ ಹಾಡು ಕೇಳಿದ್ದೀರಾ ಎಂದರೆ ಯಾರೂ ಇಲ್ಲ. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಒಬ್ಬರು ಮಾತ್ರ ಸೆಲ್ಫಿಗೆ ಬರಲಿಲ್ಲ. ನಡುವಯಸ್ಸಿನ ಡ್ರೈವರು, ಕಾರಿನ ಬಾಗಿಲಿಗೆ ಒರಗಿ ಟೀ ಕುಡಿಯುತ್ತಿದ್ದರು. "ಆ ಬಸ್ಸಿನ ಹಾಡು ನಂಗೆ ಅರ್ಧ ಬಾಯಿಪಾಠ" ಎಂದರು.

"ಅರ್ಧ ಯಾಕಣ್ಣ?" ಎಂದ ಢೋಲಕ್ಕಿನವನು.

"ಡ್ಯೂಟಿ ಬಿದ್ದ ತಕ್ಷಣ ಮ್ಯಾಪ್ ತೆಗೀಬೇಕಲ್ಲಪ್ಪ. ಮ್ಯಾಪ್ ತೆಗೆದ್ರೆ ವಿಡಿಯೋ ಕಟ್. ಎರಡ್ನೇ ಚರಣ ನಾನ್ ಇವತ್ತಿಗೂ ಕೇಳಿಲ್ಲ. ಅದ್ರಲ್ಲಿ ಆ ಹುಡುಗಿ ಬಸ್ ಇಳೀತಾಳಾ, ಇಲ್ವಾ?"

ಢೋಲಕ್ಕಿನವನೂ ನಾನೂ ಮುಖ ಮುಖ ನೋಡಿಕೊಂಡೆವು. ವಿಡಿಯೋದ ಕೆಳಗೆ ಇಂಥ ಮಾತುಗಳನ್ನು ಎಷ್ಟೋ ಜನ ಬರೆದಿದ್ದರು. 'ಮಧ್ಯದಲ್ಲಿ ನಿಂತೋಗುತ್ತೆ', 'ಪರದೆ ಆರಿದ್ರೆ ಹಾಡೂ ಆರುತ್ತೆ.' ಅವರಿಗೆಲ್ಲ ನಾವು 'ನಿಮ್ಮ ನೆಟ್‌ವರ್ಕ್ ಸರಿಯಿಲ್ಲ, ನೋಡಿಕೊಳ್ಳಿ' ಎಂದು ಉತ್ತರ ಬರೆದಿದ್ದೆವು. ಕೇಳಬೇಕೆಂದು ಬಾಗಿಲು ತಟ್ಟುತ್ತಿದ್ದವರನ್ನೇ ನಾವು ಹೊರಗೆ ನಿಲ್ಲಿಸಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕೈಹಿಡಿದು ಎಳೆಯುತ್ತಿದ್ದೆವು.

ಅವರ ಫೋನಿನಲ್ಲಿ ಯಾವುದೋ ಒಂದು ಹಾಡಿನ ಆ್ಯಪ್ ಮೊದಲಿನಿಂದ ಇತ್ತು. ಫೋನ್ ಕೊಂಡಾಗಲೇ ಬಂದದ್ದು, ಯಾತಕ್ಕೆಂದು ಅವರು ಮುಟ್ಟಿರಲಿಲ್ಲ. ಢೋಲಕ್ಕಿನವನು ಅದರಲ್ಲಿ ಹಾಡು ಹುಡುಕಿ ಹಚ್ಚಿ, ಮೇಲೆ ಮ್ಯಾಪ್ ತೆರೆದು ಅವರ ಕೈಗೆ ಕೊಟ್ಟ. ಮ್ಯಾಪ್ ಬಂತು. ಹಾಡು ನಿಲ್ಲಲಿಲ್ಲ. ಅವರು ಟೀ ಲೋಟವನ್ನು ಬಾನೆಟ್ ಮೇಲಿಟ್ಟು, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಎರಡನೇ ಚರಣ ಬಂತು. ನಾನು ಕಿಟಕಿಯ ಹೊರಗೇ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ ಅವರು. ಮುಂದಿನ ಗಾಜಿನಾಚೆ ಏನನ್ನೋ ನೋಡುತ್ತಾ ಕೂತಿದ್ದರು. ಮುಗಿದ ಮೇಲೆ ಗಾಜು ಇಳಿಸಿ, "ಇಳಿಯಲ್ವಲ್ಲ ತಾತ ಅವಳು" ಎಂದರು. ಮತ್ತೆ ಮೊದಲಿನಿಂದ ಹಾಕಿಕೊಂಡರು.

ಬೈಕಿನ ಹಿಂದೆ ಕೂತು ಬರುವಾಗ ಕೊಡಿಗೇಹಳ್ಳಿಯವರೆಗೂ ಆ ಎರಡನೇ ಚರಣವನ್ನೇ ಗುನುಗಿಕೊಂಡು ಬಂದೆ. ನನ್ನ ಮೊಮ್ಮಗಳ ಹಾಡನ್ನು ನನ್ನ ಕಣ್ಣೆದುರಿಗೆ ಒಬ್ಬರು ಕೇಳಿದ್ದು ಅದೇ ಮೊದಲು.

ಮೊಮ್ಮಗಳಿಗೆ ಹೇಳಿದೆವು. ವಿಡಿಯೋಗಳ ಕೆಳಗೆ ಜನ ಬರೆದಿದ್ದ ಹಳೇ ಮಾತುಗಳನ್ನೆಲ್ಲ ಅವಳು ಮತ್ತೆ ಓದಿದಳು. ಡ್ರೈವರುಗಳು, ಇಲ್ಲೇ ನಮ್ಮ ಪಕ್ಕದ ಸಿಂಗಾಪುರ ಬಡಾವಣೆಯಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ, ಅಡುಗೆಮನೆಯಲ್ಲಿ ಡಬ್ಬಿಗೆ ಫೋನ್ ಒರಗಿಸಿಡುವವರು. ಎಲ್ಲ ಕೈಗೆ ಕೆಲಸ ಇರುವವರು. ನೋಡಲು ಪುರುಸೊತ್ತಿಲ್ಲದವರು. ಕಣ್ಣೊರೆಸಿಕೊಂಡು ತಲೆಯೆತ್ತಿದಳು: "ಮುಂದಿನ ವಿಡಿಯೋದಲ್ಲಿ ನೋಡೋಕೆ ಏನೂ ಇಡಲ್ಲ."

ಕಂಪನಿಯ ಯಜಮಾನರು ಕೇಳಿ ಹೌಹಾರಿದರು. "ತಾತನೇ ನಿಮ್ಮ ಬಂಡವಾಳ ಕಣಮ್ಮ. ಇರೋ ಜನಾನೂ ಓಡಿಸ್ಬೇಡಿ." ಢೋಲಕ್ಕಿನವನಿಗೂ ಅಳುಕು. ಯುಗಾದಿಗೆ ಉಳಿದದ್ದೇ ಸ್ವಲ್ಪ ಸಮಯ. ಅವಳ ಅಪ್ಪ ಆಗಲೇ ಯಲಹಂಕದ ಬಿ.ಎಡ್ ಕಾಲೇಜಿನಲ್ಲಿ ವಿಚಾರಿಸಿ ಬಂದಿದ್ದ. ಇದು ಕೆಟ್ಟರೆ ಇನ್ನೊಂದಕ್ಕೆ ಅವಕಾಶವಿರಲಿಲ್ಲ. ಮೊಮ್ಮಗಳು ನನ್ನ ಕಡೆ ತಿರುಗಿ, "ತಾತ, ನಿನ್ನ ಮುಚ್ಬೇಕು. ಬೇಜಾರಾ?" ಎಂದಳು.

"ಮುಚ್ಚವ್ವ" ಎಂದೆ. ಬೇಜಾರು ಆಗದೇ ಇರಲಿಲ್ಲ. ಸುಳ್ಳು ಯಾಕೆ ಬರೆಯಲಿ, ಸೆಲ್ಫಿಗಳು ನನಗೆ ರುಚಿ ಹತ್ತಿದ್ದವು.

ಚಿತ್ರ ತೆಗೆದದ್ದು ಒಂದು ಭಾನುವಾರ, ಅದೇ ತಾರಸಿಯಲ್ಲಿ. ಅದೇ ಬಸ್ಸಿನ ಹಾಡು, ಮೊದಲ ಚರಣದವರೆಗೆ ಎಲ್ಲ ಎಂದಿನಂತೆ. ಆಮೇಲೆ ನಾನು ಬಂದು ಹೇಳಬೇಕು: "ನೋಡಿದ್ದು ಸಾಕು. ಕೈಯಲ್ಲಿ ಕೆಲಸ ಇರೋರು ಕೆಳಗಿನ ಲಿಂಕ್ ಒತ್ತಿ, ಫೋನ್ ಪಕ್ಕಕ್ಕಿಟ್ಟು ಕೇಳಿ. ಮ್ಯಾಪ್ ತೆಗೆದ್ರೂ ನಿಲ್ಲಲ್ಲ, ಪರದೆ ಆರಿದ್ರೂ ನಿಲ್ಲಲ್ಲ." ಹೇಳಿ ಹೆಗಲ ಟವೆಲನ್ನು ಕ್ಯಾಮೆರಾ ಫೋನಿನ ಮೇಲೆ ಎಸೆಯಬೇಕು. ಅಲ್ಲಿಂದ ಬರೀ ಕತ್ತಲು. ಕತ್ತಲಲ್ಲಿ ಎರಡನೇ ಚರಣದ ಒಂದು ಸಾಲು, ಅಷ್ಟೇ. ಹೇಳುವುದೇನೋ ಹೇಳಿದೆ, ಟವೆಲ್ ನಿಲ್ಲಲಿಲ್ಲ. ಒಮ್ಮೆ ಜಾರಿತು, ಒಮ್ಮೆ ಸ್ಟ್ಯಾಂಡ್ ಸಮೇತ ಫೋನೇ ಉರುಳಿತು, ಒಮ್ಮೆ ಗಾಳಿಗೆ ಹಾರಿ ಢೋಲಕ್ಕಿನವನ ಮುಖಕ್ಕೆ ಸುತ್ತಿಕೊಂಡಿತು. ಬಟ್ಟೆ ಒಣಹಾಕಲು ಬಂದಿದ್ದ ನನ್ನ ಹೆಂಡತಿ, "ಮುಖ ಮುಚ್ಕಳಾಕೂ ಇಷ್ಟೊತ್ತಾ ನಿಮ್ಗೆ?" ಎಂದಳು. ಕೊನೆಗೆ ಟವೆಲಿನ ಅಂಚು ನೆನೆಸಿ ಭಾರ ಮಾಡಿಕೊಂಡು ಎಸೆದೆ. ಕೂತಿತು.

ಹಾಕಿದ ಮೇಲೆ ಬೈಗುಳದ ಸುರಿಮಳೆ. 'ತಾತನ್ನ ಯಾಕ್ ಮುಚ್ಚಿದ್ರಿ', 'ಮೋಸ', 'ನೆಟ್ ದಂಡ'. ನೋಡುವವರು ಅರ್ಧಕ್ಕರ್ಧ ಇಳಿದರು. ಯಜಮಾನರು, "ನಾನ್ ಹೇಳಿದ್ದೆ" ಎಂದು ಒಂದೇ ಸಾಲು ಕಳಿಸಿದರು. ಮೊಮ್ಮಗಳು ಫೋನನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಸಂಜೆಯ ಕಾಫಿಗೆ ಢೋಲಕ್ಕಿನವನು ಬರುವುದನ್ನೂ ಬಿಟ್ಟ. ನಾನು ಅಂಗಳದಲ್ಲಿ ಕೂತು ಆ ಟವೆಲನ್ನು ಎಷ್ಟು ಸಲ ಶಪಿಸಿದೆನೋ.

ಆಮೇಲೊಂದು ದಿನ ಢೋಲಕ್ಕಿನವನು ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ಓಡಿಬಂದ. ಕೇಳುವವರ ಲೆಕ್ಕ ಫೋನಿನಲ್ಲಿ ಗೆರೆಯಾಗಿ ಕಾಣುತ್ತದೆ. ಮೊದಲೆಲ್ಲ ನಮ್ಮ ಗೆರೆ ವಿಡಿಯೋ ಹಾಕಿದ ದಿನ ಸೂಜಿಯ ಹಾಗೆ ಎದ್ದು ಮಾರನೇ ದಿನ ಸತ್ತುಹೋಗುತ್ತಿತ್ತು. "ಇಲ್ನೋಡಿ ತಾತ. ಬೆಳಿಗ್ಗೆ ಆಫೀಸ್ ಟೈಮಿಗೆ ಒಂದು ಗುಡ್ಡ, ಸಂಜೆ ಒಂದು ಗುಡ್ಡ. ನಿನ್ನೆನೂ ಅಷ್ಟೆ, ಮೊನ್ನೆನೂ ಅಷ್ಟೆ. ಹೊಸ ವಿಡಿಯೋ ಇಲ್ದೇನೇ! ಜನ ವಾಪಸ್ ಬರ್ತಾ ಇದ್ದಾರೆ."

"ಒಂದೇ ಮನೆಯಿಂದ ಅಲ್ಲ ತಾನೇ?" ಎಂದು ಮೊಮ್ಮಗಳು ನನ್ನನ್ನು ಓರೆಗಣ್ಣಿನಿಂದ ನೋಡಿದಳು.

"ನಾನ್ ಶೆಡ್ಡಿನ ಕಡೆ ತಲೆ ಆಕಿಲ್ಲ ಕಣವ್ವ, ನಿಮ್ಮಜ್ಜಿ ಆಣೆ!" ಎಂದೆ. ಒಳಗಿನಿಂದ, "ನನ್ ಮೇಲ್ಯಾಕೆ ಆಣೆ?" ಎಂಬ ದನಿ ಬಂತು.

ಗುಡ್ಡಗಳು ಕರಗಲಿಲ್ಲ. ವಾರ ವಾರಕ್ಕೆ ಒಂದಿಷ್ಟು ಬೆಳೆದವು. ವಿಡಿಯೋ ನೋಡುವವರು ಮೊದಲಿಗಿಂತ ಕಡಿಮೆಯೇ. ಆದರೆ ಬಂದವರು ಕೇಳಲು ಹೋಗುತ್ತಿದ್ದರು, ಹೋದವರು ನಿಲ್ಲುತ್ತಿದ್ದ ಹಾಗೆ ಕಂಡಿತು. ಆದರೂ ಯಜಮಾನರು ಬಾಯಿ ಬಿಡಲಿಲ್ಲ. ನಾವೂ ಕೇಳಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಳ್ಳಲು ಮೊಮ್ಮಗಳಿಗೆ ಧೈರ್ಯವಿರಲಿಲ್ಲ. ಯುಗಾದಿ ಹತ್ತಿರ ಬಂತು. ಅವಳ ಅಪ್ಪ ಕಾಲೇಜಿನ ಸುದ್ದಿ ಎತ್ತದೆ, ಬಿಡದೆ, ಗಂಟಲಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಇವತ್ತು ಬೆಳಿಗ್ಗೆ ಫೋನ್ ಬಂತು.

ಇಷ್ಟು ಬರೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು, ಒಳಗಿನಿಂದ ಊಟಕ್ಕೆ ಕರೆದರು. ಮಿಕ್ಕದ್ದನ್ನು ಕೈ ತೊಳೆದುಕೊಂಡು ಬಂದು ಬರೆಯುತ್ತಿದ್ದೇನೆ.

ಹಾಲಿನ ನೆಲದಲ್ಲಿ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತೆವು. ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು, ಸೊಸೆ ಮಾಡಿದ ಗಸಗಸೆ ಪಾಯಸ. ಢೋಲಕ್ಕಿನವನು ಅವರಮ್ಮ ಮಾಡಿಕೊಟ್ಟ ಬೂದುಗುಂಬಳದ ಸಿಹಿ, ದಮ್ ರೋಟ್, ತಂದಿದ್ದ. ಅದರ ಡಬ್ಬಿ ನನ್ನ ಹತ್ತಿರವೇ ಹೆಚ್ಚು ಹೊತ್ತು ನಿಂತಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರು ಪಿಟೀಲು ನುಡಿಸುತ್ತಾರೆ, ಮೊದಲು ಯಾವ ಹಾಡು. ಮಾತಾಡದೇ ಇದ್ದವನು ನನ್ನ ಮಗ ಒಬ್ಬನೇ. ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಅವನು ಏನನ್ನುತ್ತಾನೋ ಎಂದು ಮೊಮ್ಮಗಳ ಕೈ ಎಲೆಯ ಮೇಲೆ ಸುಮ್ಮನೆ ಆಡುತ್ತಿತ್ತು.

"ಯಶವಂತಪುರಕ್ಕೆ ಎಷ್ಟ್ ಗಂಟೆಗೆ ಹೋಗ್ಬೇಕು?" ಎಂದ, ತಲೆಯೆತ್ತದೆ.

"ಸೋಮವಾರ ಒಂಬತ್ತಕ್ಕೆ ಅಪ್ಪ."

"ಹೆಬ್ಬಾಳದಲ್ಲಿ ಸಿಕ್ಕಾಕೊಂಡ್ರೆ ಒಂಬತ್ತಕ್ಕೆ ಆಗಲ್ಲ. ಏಳಕ್ಕೇ ರೆಡಿಯಾಗಿರು. ಅಂಗಡಿ ಲೇಟಾಗಿ ತೆಗೆದ್ರಾಯ್ತು, ನಾನೇ ಬಿಡ್ತೀನಿ."

ಮೊಮ್ಮಗಳು ನಕ್ಕುಬಿಟ್ಟಳು. ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನಡುವೆ ನಿಂತು, "ಎಲ್ಲ ಸೋಮವಾರ ಮಾತಾಡ್ಕಳ್ರಿ. ಮುದ್ದೆ ಆರೋದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ" ಎಂದು ಮೊದಲು ಮಗನ ಎಲೆಗೆ, ಆಮೇಲೆ ಮೊಮ್ಮಗಳ ಎಲೆಗೆ ಬಿಸಿ ಸಾರು ಬಿಟ್ಟಳು. ನಾವೆಲ್ಲ ಉಂಡೆವು.